ಸೊಲ್ಲಾಪುರದ ದೇವರ ಹೆಸರು

ಅಮಿತಾ ನಮ್ಮಲ್ಲಿ ಇಂಟರ್ನ್ ಆಗಿ ಸೇರಿದ ಮೊದಲ ವಾರವೇ ಅವಳ ಅಪ್ಪ ನನಗೆ ಫೋನ್ ಮಾಡಿದರು. ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು ಅವರು. ಹಿಂದಿನಿಂದ ಲೋಟ ತಟ್ಟೆಗಳ ಸದ್ದು ಜೋರಾಗಿ ಕೇಳುತ್ತಿತ್ತು.

“ಮೇಡಮ್, ಮಗಳು ಎಂಥ ಕೆಲಸ ಮಾಡುದು ಅಂತ ನಂಗೆ ಸಮಾ ಗೊತ್ತಾಗ್ಲಿಲ್ಲ. ಹ್ಯೂಮನಿಟೇರಿಯನ್ ಅಫೇರ್ಸ್ ಅಂತಾಳೆ. ಅದಕ್ಕೆ ಕನ್ನಡದಲ್ಲಿ ಎಂಥ ಹೇಳುದು?”

“ಮಾನವೀಯ ವ್ಯವಹಾರ,” ಅಂದೆ. ಅಂದ ಮೇಲೆ ನನಗೇ ನಗು ಬಂತು.

“ವ್ಯವಹಾರ ಅಂದ್ರೆ ಕೊಡುದು ತಕ್ಕೊಳ್ಳುದು ಇರ್ತದಲ್ಲ. ಸಂಬಳ ಉಂಟಾ?”

“ಇಲ್ಲ. ಕೊನೆಗೊಂದು ಸರ್ಟಿಫಿಕೇಟ್ ಕೊಡ್ತೀವಿ.”

“ಹಾಗಾದ್ರೆ ಎಂಥ ವ್ಯವಹಾರ ಮಾರಾಯ್ರೆ ಅದು,” ಎಂದು ಅವರು ನಕ್ಕು ಫೋನಿಟ್ಟರು.

ನಾನು ಮೈಸೂರಿನವಳು. ಥಾಣೆ ಜಿಲ್ಲೆಯ ಬೇಲಾಪುರದಲ್ಲಿ ಒಂದು ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯ ಅಧಿಕಾರಿ. ಮುಖ್ಯ ಕಚೇರಿ ಯೂರೋಪಿನಲ್ಲಿ. ಭೂಕಂಪ ಆದಾಗ ಕಛ್‌ಗೆ ಹೋಗಿದ್ದೆ, ಸುನಾಮಿ ಬಂದಾಗ ನಾಗಪಟ್ಟಣಕ್ಕೆ ಹೋಗಿದ್ದೆ. ಜನ ಸತ್ತ ಕಡೆಯಲ್ಲೆಲ್ಲ ನಮ್ಮ ಬಿಳಿ ಜೀಪು ಹಾಜರು. ಎರಡು ಸಾವಿರದ ಐದರ ಜುಲೈನಲ್ಲಿ ನಾವು ಎಲ್ಲಿಗೂ ಹೋಗಬೇಕಾಗಲಿಲ್ಲ, ನೀರೇ ನಾವಿದ್ದಲ್ಲಿಗೆ ಬಂತು. ಆಗಲೇ ನಾನು ಸುಸ್ತಾಗಿದ್ದೆ. ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಅದು. ಯಾರಾದರೂ ಅತ್ತರೆ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಲೇ, ಮನಸ್ಸಿನಲ್ಲಿ ಸಂಜೆಯ ಗಾಡಿ ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವಷ್ಟು ಸುಸ್ತು.

ಅಮಿತಾಳನ್ನು ನಾನು ಆರಿಸಿದ್ದು ಒಂದೇ ಕಾರಣಕ್ಕೆ. ಕನ್ನಡ ಚೆನ್ನಾಗಿ ಬರುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದಳು. ಕಲ್ಯಾಣದ ನಾಲೆಯ ದಂಡೆಯಲ್ಲಿ ಗುಡಿಸಲು ಕಳಕೊಂಡವರಲ್ಲಿ ಯಾದಗಿರಿ, ಕಲಬುರಗಿ ಕಡೆಯ ಕಟ್ಟಡದ ಕೆಲಸದವರು ತುಂಬ ಮಂದಿ ಇದ್ದರು. ನಾನೊಬ್ಬಳೇ ಎಷ್ಟು ಕಡೆ ಓಡಾಡಲಿ? ಕೆಲಸಕ್ಕೆ ಹಚ್ಚಿದ ಮೇಲೆ ಗೊತ್ತಾದದ್ದು, ಅವಳಿಗೆ ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ. ಕನ್ನಡ ಬಳಸುತ್ತಿದ್ದದ್ದು ರಜೆಯಲ್ಲಿ ಊರಿಗೆ ಹೋದಾಗ, ಬಸ್ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಲು. ಆದರೂ ಹುಡುಗಿ ಗಟ್ಟಿ. ಡೊಂಬಿವಲಿಯ ಬೆಳಗಿನ ಲೋಕಲ್ಲಿನಲ್ಲಿ ನೇತಾಡಿಕೊಂಡು ಬರುವವಳಿಗೆ ಬೇರೆ ತರಬೇತಿ ಬೇಕಾಗಿಲ್ಲ.

ನಾವು ಕಲ್ಯಾಣದಲ್ಲಿ ನಗರಪಾಲಿಕೆಯ ಒಂದು ಶಾಲೆಯೊಳಗೆ ಮೇಜು ಹಾಕಿದ್ದೆವು. ನೆರೆಯಲ್ಲಿ ಕಾಣೆಯಾದವರ ವಿವರ ಬರೆದುಕೊಳ್ಳುವುದು, ಆಸ್ಪತ್ರೆಗಳಿಂದಲೂ ಬೇರೆ ಶಿಬಿರಗಳಿಂದಲೂ ಬರುವ ಹೆಸರುಗಳ ಜೊತೆ ತಾಳೆ ನೋಡುವುದು, ಇಷ್ಟೇ ಕೆಲಸ. ಹೇಳಲು ಇಷ್ಟೇ. ಗೋಡೆಗಳು ಇನ್ನೂ ಒದ್ದೆಯಾಗಿದ್ದವು, ನೀರು ನಿಂತ ಗುರುತು ಕರಿಹಲಗೆಯ ಅರ್ಧದವರೆಗೆ ಇತ್ತು, ಮಕ್ಕಳ ಬೆಂಚುಗಳ ಮೇಲೆ ಸೀರೆಗಳು ಒಣಗದೆ ನಾರುತ್ತಿದ್ದವು. ಇದರ ನಡುವೆ ಯೂರೋಪಿನಿಂದ ನನಗೆ ಮೇಲ್ ಮೇಲೆ ಮೇಲ್. ಮನಮುಟ್ಟುವ ಒಂದೆರಡು ಕಥೆ ಕಳಿಸಿ, ಫೋಟೋದಲ್ಲಿ ಮುಖ ಸ್ಪಷ್ಟವಾಗಿರಲಿ, ಸಾಧ್ಯವಾದರೆ ನಗುಮುಖ. ಮೈಯೆಲ್ಲ ಉರಿಯುತ್ತಿತ್ತು.

ಮಾನಮ್ಮ ಬಂದದ್ದು ಅಲ್ಲಿಗೆ. ಮೂವತ್ತರ ಆಜುಬಾಜು ವಯಸ್ಸು, ಇಟ್ಟಿಗೆ ಹೊತ್ತು ಹೊತ್ತು ಗಟ್ಟಿಯಾದ ಕುತ್ತಿಗೆ, ತಲೆಯ ಮೇಲಿನ ಸೆರಗು ಒಂದು ಕ್ಷಣವೂ ಜಾರುತ್ತಿರಲಿಲ್ಲ. ಗಂಡ ಗೌಂಡಿ. ಮಳೆ ಹುಯ್ದ ದಿನ ಬೆಳಿಗ್ಗೆ ಘಣಸೋಲಿ ಕಡೆ ಯಾವುದೋ ಕಟ್ಟಡದಲ್ಲಿ ಗೋಡೆ ಕಟ್ಟಲು ಹೋದವನು ಮರಳಿ ಬಂದಿಲ್ಲ. ಸಂಜೆ ಗುಡಿಸಲೂ ಹೋಯಿತು, ರೇಷನ್ ಕಾರ್ಡು ಇದ್ದ ಪೆಟ್ಟಿಗೆಯೂ ಹೋಯಿತು. ಜೊತೆಗಿದ್ದ ಊರಿನವರೆಲ್ಲ ರೈಲುಗಳು ಮತ್ತೆ ಶುರುವಾದ ಕೂಡಲೆ ಊರಿಗೆ ಹೋಗಿಬಿಟ್ಟಿದ್ದರು. ಅವಳು ಹೋಗಲಿಲ್ಲ.

“ಗಂಡನ ಹೆಸ್ರು?” ಎಂದು ಅಮಿತಾ ಕೇಳಿದಳು.

ಮಾನಮ್ಮ ನೆಲ ನೋಡಿದಳು.

“ಅಕ್ಕಾ, ಹೆಸ್ರು. ನಾಮ್. ನಾವ್ ಕಾಯ್?”

“ಹೆಸರ ಹಿಡಿಯಂಗಿಲ್ರಿ ಅಕ್ಕೋರ. ಹೇಣ್ತಿ ಗಂಡನ ಹೆಸರ ಬಾಯಾಗ ತಂದ್ರ ಅವ್ರ ಆಯುಷ್ಯ ಕಡಿಮಿ ಆಗ್ತದ.”

ಅಮಿತಾ ನನ್ನ ಕಡೆ ತಿರುಗಿದಳು. “ಮ್ಯಾಮ್, ಯೇ ಕ್ಯಾ ಹೈ? ಹೆಸ್ರೇ ಹೇಳೂದಿಲ್ಲಂತೆ ಮಾರ್ರೆ. ಮತ್ತೆ ನಾನು ಹುಡುಕೂದು ಯಾರನ್ನ?”

ನನಗೆ ಇದು ಹೊಸದಲ್ಲ. ನನ್ನ ಅಜ್ಜಿಯೂ ತಾತನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಅಂಥವರ ಹೆಸರನ್ನು ಹೇಳಲು ಮೈದುನ, ನಾದಿನಿ, ಮಕ್ಕಳು ಅಂತ ಯಾರಾದರೂ ಪಕ್ಕದಲ್ಲಿ ಇರುತ್ತಾರೆ. ಮಾನಮ್ಮನಿಗೆ ಮಕ್ಕಳಿರಲಿಲ್ಲ. ಶಿಬಿರದಲ್ಲಿ ಉಳಿದವರನ್ನು ಕೇಳಿದರೆ, “ಅವನಾ? ಗೌಂಡಿ,” ಎನ್ನುತ್ತಿದ್ದರು. ಮೇಸ್ತ್ರಿಗೂ ಅವನು ಗೌಂಡಿ, ಅಂಗಡಿಯವನಿಗೂ ಗೌಂಡಿ. ಅಷ್ಟರಲ್ಲಿ ಇನ್ನೊಂದು ಮೇಜಿನಲ್ಲಿ ಯಾರೋ ಜೋರಾಗಿ ಅಳತೊಡಗಿದ್ದರು. ಒತ್ತಾಯ ಮಾಡಬೇಡ, ಸುಳಿವು ಕೇಳು ಎಂದು ಅಮಿತಾಳಿಗೆ ಹೇಳಿ ನಾನು ಅತ್ತ ಹೋದೆ.

ಮರಳಿ ಬರುವಷ್ಟರಲ್ಲಿ ಹುಡುಗಿಯ ಮುಖ ಅರಳಿತ್ತು. ಹೆಸರು ಸಿಕ್ಕಿದೆ, ಬರೆದಾಗಿದೆ, ಮಾನಮ್ಮನ ಬಾಯಿಂದಲೂ ಹೇಳಿಸಲಿಲ್ಲ, ತಾನೂ ಅವಳೆದುರು ಉಚ್ಚರಿಸಲಿಲ್ಲ ಎಂದಳು. ಜನರ ಆಚಾರಕ್ಕೆ ಮರ್ಯಾದೆ ಕೊಡಬೇಕು ಎಂದು ಅವಳಿಗೆ ಸೇರುವಾಗ ಒಂದು ದಿನದ ಪಾಠ ಮಾಡಿದ್ದೆವು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ನನಗೂ ಮೆಚ್ಚುಗೆಯಾಯಿತು. ಆ ವಾರ ಯೂರೋಪಿಗೆ ಬರೆದ ವರದಿಯಲ್ಲಿ ನಮ್ಮ ಇಂಟರ್ನ್‌ನ ಸೂಕ್ಷ್ಮತೆಯ ಬಗ್ಗೆ ಒಂದು ಪ್ಯಾರಾ ಹಾಕಿದೆ. ಹೆಸರು ಏನೆಂದು ಓದುವುದಕ್ಕೆ ನನಗೆ ಪುರುಸೊತ್ತಾಗಲಿಲ್ಲ.

ಅಲ್ಲಿಂದ ಮಾನಮ್ಮ ದಿನಾ ಬಂದಳು. ಬೆಳಿಗ್ಗೆ ನಮ್ಮ ಜೀಪು ಗೇಟಿನೊಳಗೆ ಬರುವುದಕ್ಕೆ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಮಿತಾ ಪಟ್ಟಿ ನೋಡಿ, “ಇಲ್ಲಕ್ಕಾ, ಇನ್ನೂ ಬರ್ಲಿಲ್ಲ,” ಎನ್ನುತ್ತಿದ್ದಳು. “ಆತ್ರಿ,” ಎಂದು ಮಾನಮ್ಮ ಎದ್ದು ಹೋಗುತ್ತಿದ್ದಳು. ಜಗಳ ಇಲ್ಲ, ಅಳು ಇಲ್ಲ. ಅಳುವವರನ್ನು ಹೇಗೋ ಸಂಭಾಳಿಸಬಹುದು. ಈ “ಆತ್ರಿ” ಕೇಳುವುದು ಕಷ್ಟವಾಗಿತ್ತು. ಅಮಿತಾ ಬರಬರುತ್ತ ಮುಖ ತಿರುಗಿಸಿಕೊಂಡೇ ಪಟ್ಟಿ ನೋಡತೊಡಗಿದಳು. ಮಧ್ಯಾಹ್ನದ ಡಬ್ಬಿ ತೆರೆದು ಹಾಗೆಯೇ ಮುಚ್ಚಿಟ್ಟು, ಸಂಜೆ ಡೊಂಬಿವಲಿಗೆ ವಾಪಸು ಒಯ್ಯುತ್ತಿದ್ದಳು. ಅವಳಮ್ಮ ಬಯ್ದರಂತೆ. “ಮ್ಯಾಮ್, ಅವ್ಳ ಗಂಡ ಸಿಗ್ಲೇಬೇಕು. ನಂಗೆ ಬೇರೆ ಎಂಥದೂ ಬೇಡ, ಸರ್ಟಿಫಿಕೇಟ್ ಕೂಡ ಬೇಡ,” ಎಂದಳು ಒಮ್ಮೆ. ಮೊದಲ ಸಲ ಎಲ್ಲರೂ ಹೀಗೆ ಹೇಳುತ್ತಾರೆ. ನಾನೂ ಕಛ್‌ನಲ್ಲಿ ಹೇಳಿದ್ದೆ. ಅವಳಿಗೆ ಅದನ್ನು ತಿಳಿಸುವ ಮನಸ್ಸಾಗಲಿಲ್ಲ.

ವಾರಕ್ಕೊಮ್ಮೆ ನಾವು ಬೇಲಾಪುರದ ಕಚೇರಿಯಲ್ಲಿ ಕೂತು ಬೇರೆ ಬೇರೆ ಕಡೆಯಿಂದ ಬಂದ ಹೆಸರುಗಳನ್ನು ಟೈಪ್ ಮಾಡುತ್ತಿದ್ದೆವು. ಅಂಥ ಒಂದು ದಿನ ವಾಶಿಯ ಆಸ್ಪತ್ರೆಯೊಂದರಿಂದ ಫೋನ್ ಬಂತು. ಅಮಿತಾ ಎತ್ತಿದಳು. ನಾನು ಆಚೆ ಮೇಜಿನಲ್ಲಿ ಟಾರ್ಪಾಲಿನ ಲೆಕ್ಕದ ಜೊತೆ ಗುದ್ದಾಡುತ್ತಿದ್ದೆ, ಅವಳ ಅರ್ಧ ಮಾತು ಕಿವಿಗೆ ಬೀಳುತ್ತಿತ್ತು.

“ಹಾಂ ಸಿಸ್ಟರ್, ಬೋಲಿಯೇ. ಕನ್ನಡಾ ಬೋಲ್ತಾ ಹೈ? ಕ್ಯಾ ಬೋಲ್ ರಹಾ ಹೈ? ಮನಿ? ಮನೆ, ಮನೆ. ಘರ್ ಕೋ ಬೋಲ್ತೇ ಹೈಂ. ಹಾಂ, ಘರ್ ಮಾಂಗ್ ರಹಾ ಹೈ. ಉಸ್ಕಾ ಘರ್ ಬಹ್ ಗಯಾ ಹೋಗಾ. ಹಮ್ ಲಿಸ್ಟ್ ಮೇ ಡಾಲ್ ದೇತೇ ಹೈಂ.”

ಫೋನಿಟ್ಟು, “ಒಬ್ಬ ಪೇಶಂಟಿಗೆ ಮನೆ ಬೇಕಂತೆ ಮ್ಯಾಮ್. ಮನೆ ಮನೆ ಅಂತ ಒಂದೇ ಸಮ ಹೇಳ್ತಿದ್ದಾನಂತೆ,” ಎಂದಳು.

“ಯಾರಿಗೆ ಬೇಡ? ಘಣಸೋಲಿ ಶೆಡ್ಡಿನ ಪಟ್ಟಿಗೆ ಸೇರಿಸು,” ಅಂದೆ. ಘಣಸೋಲಿಯ ಮೈದಾನದಲ್ಲಿ ಆಗ ನಾವು ತಾತ್ಕಾಲಿಕ ಶೆಡ್ಡುಗಳನ್ನು ಹಾಕಿಸುತ್ತಿದ್ದೆವು. ಅವಳು ಹೆಸರು, ವಿವರ ಟೈಪ್ ಮಾಡಿ ಸೇರಿಸಿದಳು.

ಇದಾಗಿ ಕೆಲವು ದಿನಗಳ ಮೇಲೆ ಅಮಿತಾ ಜ್ವರವಿದೆ, ಬೆಳಿಗ್ಗೆ ತಡವಾಗಿ ಬರುತ್ತೇನೆಂದು ತಿಳಿಸಿದಳು. ಕಲ್ಯಾಣದ ಮೇಜಿಗೆ ನಾನೇ ಕೂತೆ. ಮಾನಮ್ಮ ಬಂದು ನಿಂತಳು. ನಾನು ಅವಳ ಕಾರ್ಡು ಹುಡುಕಿ ತೆಗೆದೆ. ಅವಳ ಸಂಕೋಚದ ವಿಷಯ ಸುಸ್ತಿನಲ್ಲಿ ಮರೆತೇಹೋಗಿತ್ತು. ಗಟ್ಟಿಯಾಗಿ ಓದಿದೆ.

“ವಿಠ್ಠಲ. ಗೌಂಡಿ ಕೆಲಸ. ಇಲ್ಲಮ್ಮ, ವಿಠ್ಠಲ ಅಂತ ಯಾರೂ ಸಿಕ್ಕಿಲ್ಲ ಇನ್ನೂ.”

ಮಾನಮ್ಮ “ಆತ್ರಿ” ಎನ್ನಲಿಲ್ಲ. ನನ್ನ ಮುಖವನ್ನೇ ನೋಡಿದಳು.

“ವಿಠ್ಠಲ ಯಾರ್ರಿ ಅಕ್ಕೋರ?”

“ನಿಮ್ಮ ಯಜಮಾನ್ರು.”

“ಅಯ್ಯ ಶಿವನ! ಅವ್ರಲ್ರಿ. ನಮ್ಮವ್ರ ಹೆಸರು ಅದಲ್ರಿ. ಆ ಸಣ್ಣ ಅಕ್ಕೋರಿಗೆ ನಾ ಅವತ್ತs ಹೇಳೀನಲ್ರಿ.”

“ಏನಂತ ಹೇಳಿದ್ರಿ?”

“ಸೊಲ್ಲಾಪುರದಾಗಿನ ದೇವ್ರ ಹೆಸರ್ರಿ ಅಂತ.”

ಅವಳ ಊರಿನ ಕಡೆ ಸೊಲ್ಲಾಪುರದ ದೇವರು ಎಂದರೆ ಒಬ್ಬನೇ, ಸಿದ್ಧರಾಮ. ಆ ಸೀಮೆಯ ಮನೆಮನೆಯಲ್ಲಿ ಅವನ ಹೆಸರಿನ ಗಂಡಸರಿದ್ದಾರೆ. ಡೊಂಬಿವಲಿಯಲ್ಲಿ ಹುಟ್ಟಿದ ಉಡುಪಿ ಕಡೆಯ ಹುಡುಗಿಗೆ ಅದೆಲ್ಲಿ ಗೊತ್ತಾಗಬೇಕು? ಅವಳಿಗೆ ಸೊಲ್ಲಾಪುರ ಎಂದರೆ ಸೊಲ್ಲಾಪುರ ಜಿಲ್ಲೆ, ಆ ಜಿಲ್ಲೆಯಲ್ಲಿ ಪಂಢರಪುರ, ಪಂಢರಪುರದಲ್ಲಿ ವಿಠ್ಠಲ. ಶಾಲೆಯಲ್ಲಿ ಮರಾಠಿ ಪಾಠ ಕಲಿತವರು ಯಾರಾದರೂ ಹಾಗೆಯೇ ಬರೆಯುತ್ತಿದ್ದರು. ಬರೆದು, ಮರ್ಯಾದೆಗೆಂದು ಬಾಯಿ ಮುಚ್ಚಿಕೊಂಡಿದ್ದಳು. ಒಬ್ಬಳು ಹೇಳಬಾರದೆಂದು ಹೇಳಲಿಲ್ಲ, ಇನ್ನೊಬ್ಬಳು ಹೇಳಿಸಬಾರದೆಂದು ಕೇಳಲಿಲ್ಲ. ಇಷ್ಟು ದಿನ ನಾವು ಥಾಣೆ ಜಿಲ್ಲೆಯ ಉದ್ದಗಲಕ್ಕೂ ಹುಟ್ಟೇ ಇರದ ಒಬ್ಬ ಗಂಡನನ್ನು ಹುಡುಕಿದ್ದೆವು.

“ಸಿದ್ರಾಮ?” ಎಂದು ಕೇಳಿದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. ಅಷ್ಟು ದಿನದ ಮೇಲೆ ಆ ಹೆಸರನ್ನು ಯಾರದೋ ಬಾಯಲ್ಲಿ ಕೇಳಿ ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಅಮಿತಾ ಕೆಂಪು ಕಣ್ಣು ಬಿಟ್ಟುಕೊಂಡು ಬಂದಳು. ನಾನು ಏನೂ ಪೀಠಿಕೆ ಹಾಕದೆ, “ಅವನ ಹೆಸರು ವಿಠ್ಠಲ ಅಲ್ಲ, ಸಿದ್ರಾಮ,” ಅಂದೆ. ಬಯ್ಯಬೇಕೆಂದಿದ್ದೆ. ಆದರೆ ಹೆಸರು ಕೇಳಿದ ಕೂಡಲೆ ಅವಳು ಬೆಂಚಿನ ಮೇಲೆ ಕೂತು ಪಟ್ಟಿಯ ಹಾಳೆಗಳನ್ನು ತಿರುವತೊಡಗಿದಳು.

“ಸಿದ್ರಾಮ? ಮ್ಯಾಮ್, ನಾನು ಟೈಪ್ ಮಾಡಿದ್ದೇನೆ ಆ ಹೆಸ್ರು. ವಾಶಿ ಆಸ್ಪತ್ರೆ. ಸಿದ್ರಾಮ್, ಗಂಡಸು, ಕಾಲಿಗೆ ಪೆಟ್ಟು. ನಾನೇ ಟೈಪ್ ಮಾಡಿದ್ದು!” ಮುಖ ಮುಚ್ಚಿಕೊಂಡು, “ಮೈ ಪಾಗಲ್ ಹೂಂ,” ಎಂದಳು.

“ಹುಚ್ಚಿಯಾಗೋದಕ್ಕೆ ಸಂಜೆ ಟೈಮಿದೆ. ಏಳು, ಜೀಪು ಹತ್ತು,” ಅಂದೆ. ನಮ್ಮ ಡ್ರೈವರ್ ಜಯೇಶ್ ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಬಂದ.

ಕಲ್ಯಾಣದಿಂದ ವಾಶಿಗೆ ಆ ದಿನಗಳಲ್ಲಿ ಜೀಪಿನಲ್ಲಿ ಹೋಗುವುದೆಂದರೆ ಸಾಕುಸಾಕಾಗುತ್ತಿತ್ತು. ಶೀಳಫಾಟಾದ ರಸ್ತೆ ಗುಂಡಿಬಿದ್ದು ಕೆಸರಾಗಿತ್ತು. ಮಾನಮ್ಮ ಹಿಂದಿನ ಸೀಟಿನ ತುದಿಯಲ್ಲಿ, ಸೀಟು ಕೊಳೆಯಾದೀತೆಂಬಂತೆ ಮುದುಡಿ ಕೂತಿದ್ದಳು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಮಾತು, “ಕಾಲಿಗೆ ಅಂದ್ರ ಎಷ್ಟ ಪೆಟ್ಟರಿ?” ನಮಗೆ ಗೊತ್ತಿರಲಿಲ್ಲ. ಅಮಿತಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ಆ ಕೈ ಜ್ವರಕ್ಕೆ ಸುಡುತ್ತಿದೆ ಎಂದು ಮಾನಮ್ಮನೇ ತನ್ನ ಸೆರಗಿನ ತುದಿಯನ್ನು ಬಾಟಲಿ ನೀರಿನಲ್ಲಿ ಒದ್ದೆ ಮಾಡಿ ಹುಡುಗಿಯ ಹಣೆಗೆ ಒತ್ತುತ್ತಿದ್ದಳು. ಯಾರು ಯಾರಿಗೆ ಪರಿಹಾರ ಕೊಡುತ್ತಿದ್ದೇವೆ ಎಂದು ಯೂರೋಪಿನವರು ಕೇಳಿದ್ದರೆ ನನ್ನಿಂದ ಹೇಳಲಾಗುತ್ತಿರಲಿಲ್ಲ.

ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಪಟ್ಟಿಯಲ್ಲಿದ್ದ ನಂಬರಿನ ಹಾಸಿಗೆಯ ಮೇಲೆ ಯಾರೋ ಮುದುಕ ಮಲಗಿದ್ದ. ಮಲಯಾಳಿ ಸಿಸ್ಟರ್ ಒಬ್ಬರು ಔಷಧಿಯ ಟ್ರೇ ಹಿಡಿದುಕೊಂಡೇ ನಿಂತು ಹೇಳಿದರು.

“ಸಿದ್ರಾಮ್? ವೋ ತೋ ಆಜ್ ಸುಬಹ್ ಗಯಾ. ಆಪ್ ಲೋಗೋಂ ಕಾ ಹೀ ಗಾಡಿ ಆಯಾ ಥಾ, ಘಣಸೋಲಿ ಕ್ಯಾಂಪ್ ಕೇ ಲಿಯೇ. ಆಪ್ ಲೋಗ್ ಹೀ ಬೋಲಾ ಥಾ ನಾ, ಉಸ್ಕೋ ಘರ್ ಚಾಹಿಯೇ? ಬುಖಾರ್ ಮೇ ಭೀ ಮನಿ, ಮನಿ ಬೋಲ್ಕೇ ರೋತಾ ಥಾ ಬೇಚಾರಾ.”

ಆ ಬೆಳಿಗ್ಗೆಯಷ್ಟೇ ನಮ್ಮದೇ ಗಾಡಿ ಅವನನ್ನು ಘಣಸೋಲಿಯ ಶೆಡ್ಡಿಗೆ ಒಯ್ದಿತ್ತು. ಹಿಂದಿ ಅಷ್ಟಾಗಿ ತಿಳಿಯದೆ ನಿಂತಿದ್ದ ಮಾನಮ್ಮನಿಗೆ ಅದರಲ್ಲಿ ಒಂದು ಶಬ್ದ ಮಾತ್ರ ತಿಳಿಯಿತು. ಅವಳು ನನ್ನ ತೋಳು ಹಿಡಿದಳು.

“ಅಕ್ಕೋರ, ಮನಿ ಅಂದ್ರs ಅವ್ರು?”

“ಹೌದು. ಮನೆ ಬೇಕು ಅಂತ ಅಳ್ತಿದ್ರಂತೆ.”

“ಮನಿ ಅಲ್ರೀ,” ಎಂದಳು. “ಯಾವ ಮನಿರಿ ನಮಗ? ತಗಡಿನ ಗುಡಸಲಾ. ಅದಕ ಯಾರ ಅಳ್ತಾರ್ರಿ? ಅವ್ರು ನನಗ ಮನಿ ಅಂತಾರ್ರಿ. ಅವ್ರೂ ನನ್ನ ಹೆಸರ ಹಿಡಿಯಂಗಿಲ್ಲ. ನಮ್ಮ ಮನಿ ಎಲ್ಲಿ ಅದ ನೋಡ್ರಿ ಅಂದ್ರ, ನಾ ಎಲ್ಲಿದೀನಿ ನೋಡ್ರಿ ಅಂತರಿ. ನನ್ನ ಕೇಳ್ಯಾರ್ರಿ ಅವ್ರು.”

ನಾನು ಅಮಿತಾಳ ಕಡೆ ನೋಡಲಿಲ್ಲ. ಆ ಫೋನಿನ ದಿನ ನಾನೂ ಅಲ್ಲೇ ಇದ್ದೆ. ಹೆಂಡತಿಯನ್ನು ನಾವು ಮೈಸೂರಿನವರೂ “ನಮ್ಮ ಮನೆಯವರು” ಎಂದೇ ಕರೆಯುತ್ತೇವೆ. ಟಾರ್ಪಾಲಿನ ಲೆಕ್ಕದಿಂದ ಒಂದು ಸಲ ತಲೆ ಎತ್ತಿ ಕಿವಿಗೊಟ್ಟಿದ್ದರೆ ಸಾಕಿತ್ತು. ಹೆಂಡತಿ ಬೇಕೆಂದವನಿಗೆ ನಾವು ತಗಡಿನ ಶೆಡ್ಡು ಮಂಜೂರು ಮಾಡಿದ್ದೆವು.

ಘಣಸೋಲಿಗೆ ಮುಟ್ಟುವಷ್ಟರಲ್ಲಿ ಮತ್ತೆ ಮಳೆ ಹಿಡಿದಿತ್ತು. ಹಳೆಯ ಊರಿನ ಮನೆಗಳು ಮುಗಿದು ಹೊಸ ಸೆಕ್ಟರಿನ ರಸ್ತೆಗಳು ಶುರುವಾಗುವಲ್ಲಿ ಆ ಮೈದಾನ. ಒಳಗೆ ಜನವೋ ಜನ. ಹಿಂದಿನ ದಿನ ಹಾಕಿದ ಶೆಡ್ಡುಗಳೊಳಗೆ ನೀರು ನುಗ್ಗಿ, ಅಲ್ಲಿದ್ದವರನ್ನೂ ಹೊಸದಾಗಿ ಬಂದವರನ್ನೂ ಟ್ರಕ್ಕುಗಳಲ್ಲಿ ತುಂಬಿ ಪನವೇಲ್‌ನ ಆಚೆಗೆ ಎಲ್ಲಿಗೋ ಸಾಗಿಸುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳಿದರು. ಯಾವ ಟ್ರಕ್ಕಿನಲ್ಲಿ ಯಾರು ಎಂದು ಯಾರೂ ಬರೆದಿಟ್ಟಿರಲಿಲ್ಲ. ಒಂದು ಟ್ರಕ್ಕು ನಮ್ಮೆದುರೇ ಕೆಸರು ಸಿಡಿಸಿಕೊಂಡು ಗೇಟು ದಾಟಿತು. ಅದರಲ್ಲಿ ಸಿದ್ರಾಮ ಇದ್ದರೆ ಮುಗಿಯಿತು, ಮತ್ತೆ ಮೊದಲಿನಿಂದ ಹುಡುಕಬೇಕು. ಇಲ್ಲದಿದ್ದರೆ ಉಳಿದ ಟ್ರಕ್ಕುಗಳು ಹೊರಡುವುದರೊಳಗೆ ಅವನನ್ನು ಇಳಿಸಬೇಕು. ಜಯೇಶ್ ಮೈಕು ಹುಡುಕಿಕೊಂಡು ಹೋದ. ಕರೆಂಟಿರಲಿಲ್ಲ.

ಅಮಿತಾ ಒಂದು ಸಿಮೆಂಟು ಕಟ್ಟೆ ಹತ್ತಿ ನಿಂತು ಕೂಗಿದಳು. “ಸಿದ್ರಾಮ್! ಕಲ್ಯಾಣ್ ವಾಲೇ ಸಿದ್ರಾಮ್! ಗೌಂಡಿ ಸಿದ್ರಾಮ್ ಇದ್ದೀರಾ?”

ಗುಂಪಿನಿಂದ ಒಬ್ಬ ಮುಂದೆ ಬಂದ. ಮಾನಮ್ಮ ನೋಡಿ ಅಡ್ಡಡ್ಡ ತಲೆಯಾಡಿಸಿದಳು. ಇನ್ನೊಬ್ಬ ಬಂದ, ಅವನೂ ಅಲ್ಲ. ಮೂರನೆಯವನು, ತಾನು ಸಿದ್ರಾಮ ಅಲ್ಲ, ಆದರೆ ಏನಾದರೂ ಕೊಡುವುದಿದ್ದರೆ ತನಗೂ ಕೊಡಿ ಎಂದ. ಹುಡುಗಿಯ ಜ್ವರದ ಗಂಟಲು ಅಷ್ಟಕ್ಕೇ ಒಡೆದು, ಅರ್ಧ ಹೆಸರು ಗಾಳಿಯಾಗಿಯೇ ಹೊರಬಂತು. ನಾನೂ ಕೂಗಿದೆ. ಮಳೆ ಬಿದ್ದ ತಗಡಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಟ್ರಕ್ಕಿನ ಹಿಂಬಾಗಿಲು ಮುಚ್ಚಿ ಸರಪಳಿ ಹಾಕತೊಡಗಿದರು.

ಅಮಿತಾ ಕಟ್ಟೆಯಿಂದ ಇಳಿದು ಮಾನಮ್ಮನ ಎರಡೂ ಕೈ ಹಿಡಿದಳು. ಅವಳ ಹಿಂದಿ ಮರಾಠಿ ಎಲ್ಲ ಎಲ್ಲಿ ಹೋಯಿತೋ, ಬರುವಷ್ಟು ಕನ್ನಡದಲ್ಲೇ ಹೇಳಿದಳು. “ಅಕ್ಕಾ, ನನ್ನ ಸ್ವರಕ್ಕೆ ಅವ್ರು ಬರೂದಿಲ್ಲ. ಇಲ್ಲಿ ಸಿದ್ರಾಮ ಸುಮಾರು ಜನ ಇದ್ದಾರೆ. ನಿಮ್ಮ ಸ್ವರ ಮಾತ್ರ ಅವ್ರಿಗೆ ಗೊತ್ತಾಗೂದು. ನೀವು ಕರೀರಿ ಅಕ್ಕಾ. ತಪ್ಪೆಲ್ಲ ನಂದು. ದಮ್ಮಯ್ಯ, ಒಂದು ಸಲ ಕರೀರಿ.”

“ನಂಗ ಬಾಯಿ ಬರಂಗಿಲ್ರಿ,” ಎಂದಳು ಮಾನಮ್ಮ. “ಇಷ್ಟ ದಿನ ಜೀವ ಉಳಸಿಕೊಂಡಾರ. ನಾನs ಹೆಸರ ಹಿಡದು ಏನರ ಆದ್ರ?”

ಹಾಗೇನೂ ಆಗುವುದಿಲ್ಲ ಎಂದು ಹೇಳಲು ನಾನು ಯಾರು? ಅವಳು ಈ ನಂಬಿಕೆಯೊಂದನ್ನು ಹಿಡಿದುಕೊಂಡೇ ಅಷ್ಟು ದಿನ ಮೆಟ್ಟಿಲ ಮೇಲೆ ಕೂತಿದ್ದಳು. ತಾನು ಹೆಸರು ಹೇಳದೆ ಇರುವತನಕ ಅವನು ಬದುಕಿರುತ್ತಾನೆ. ಅದನ್ನು ನಾವು ಅವಳಿಂದ ಕಸಿದುಕೊಳ್ಳುತ್ತಿದ್ದೆವು.

ಎರಡನೆಯ ಟ್ರಕ್ಕು ಗರ್ರ್ ಎಂದು ಶುರುವಾಯಿತು.

ಮಾನಮ್ಮ ಅದನ್ನು ನೋಡಿದಳು. ಅಲ್ಲಿಯವರೆಗೆ ಒಂದು ಸಲವೂ ಜಾರದ ಸೆರಗನ್ನು ತಲೆಯಿಂದ ಸರಿಸಿ ಸೊಂಟಕ್ಕೆ ಸುತ್ತಿ ಸಿಕ್ಕಿಸಿದಳು. ಕಟ್ಟೆ ಹತ್ತಿದಳು. ಮಳೆ ಅವಳ ಮುಖಕ್ಕೇ ಹೊಡೆಯುತ್ತಿತ್ತು. ಆಮೇಲೆ, ಮೂರನೆಯ ಅಂತಸ್ತಿನ ಮೇಲೆ ಗೋಡೆ ಕಟ್ಟುವವನಿಗೆ ಕೆಳಗಿನಿಂದ ಗಾರೆ ಬಂತೆಂದು ಕೂಗಿ ಹೇಳಿ ರೂಢಿಯಾದ ಗಂಟಲಿನಿಂದ, ಮೈದಾನವೆಲ್ಲ ತಿರುಗಿ ನೋಡುವಂತೆ ಕರೆದಳು.

“ಸಿದ್ರಾಮಾ! ಏ ಸಿದ್ರಾಮಾ!”

ಅವಳು ಮತ್ತೆ ಕರೆದಳು. ಮತ್ತೊಮ್ಮೆ ಕರೆದಳು. ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನೆಲ್ಲ ಒಂದೇ ಸಲ ಖರ್ಚು ಮಾಡುವಂತೆ ಕರೆಯುತ್ತಲೇ ಹೋದಳು. ಪಕ್ಕದಲ್ಲಿ ಅಮಿತಾ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ನನಗೂ ಅಳು ಬಂತು. ಕಛ್‌ನಿಂದ ಈಚೆಗೆ ಅದು ಬಂದಿರಲಿಲ್ಲ.

ಹೊರಟಿದ್ದ ಟ್ರಕ್ಕಿನ ಒಳಗಿನಿಂದ ಯಾರೋ ಹಲಗೆಯನ್ನು ದಬದಬ ಬಡಿದರು. ಟ್ರಕ್ಕು ನಿಂತಿತು. ಸರಪಳಿಯ ಮೇಲಿನಿಂದ ಒಂದು ಗಡ್ಡ ಬೆಳೆದ ಮುಖ ಹೊರಗೆ ಬಂತು, ಜೊತೆಗೆ ಸಿಟ್ಟಿನ ಒಂದು ದನಿ.

“ಯಾವಕಿ ಆಕಿ, ನನ್ನ ಹೆಸರ ಹಿಡದು ಕರಿಯಾಕಿ? ನಾ ಏನ್ ಸತ್ತೀನೇನು?”

ಜಯೇಶ್ ಓಡಿ ಹೋಗಿ ಟ್ರಕ್ಕಿನ ಮುಂದೆ ಕೈ ಅಡ್ಡ ಹಿಡಿದು ನಿಂತ. ಮಾನಮ್ಮ ಕಟ್ಟೆಯಿಂದ ಧುಮುಕಿ, ಕೆಸರಿನಲ್ಲಿ ಜಾರಿ ಬಿದ್ದು, ಎದ್ದು ಅಲ್ಲಿಗೆ ಮುಟ್ಟಿದಳು. ಒಳಗಿದ್ದವರು ಸಿದ್ರಾಮನನ್ನು ಕಂಕುಳಲ್ಲಿ ಹಿಡಿದು ಕೆಳಗಿಳಿಸಿದರು. ಒಂದು ಕಾಲಿಗೆ ಮೊಣಕಾಲಿನ ಮೇಲಿನವರೆಗೂ ಪ್ಲಾಸ್ಟರ್ ಇತ್ತು, ಕಂಕುಳ ಕೆಳಗೆ ನಮ್ಮ ಸಂಸ್ಥೆಯ ನೀಲಿ ಟಾರ್ಪಾಲಿನ ಸುರುಳಿ. ಇಬ್ಬರೂ ಮುಟ್ಟಿಕೊಳ್ಳಲಿಲ್ಲ. ಅವನು ಅವಳ ಬರಿದಾದ ತಲೆ ನೋಡಿದ, ಕೆಸರಾದ ಸೀರೆ ನೋಡಿದ. ಮುಂಗೈಯಿಂದ ಕಣ್ಣೊರೆಸಿಕೊಂಡ.

“ಇಷ್ಟ ಮಂದ್ಯಾಗ ಹೆಸರ ಹಿಡದು ಕರದಿ,” ಎಂದ. “ನನ್ನ ಆಯುಷ್ಯ ಕಡಿಮಿ ಮಾಡಿದ್ಯಲ್ಲs.”

ಮಾನಮ್ಮ ಸೊಂಟದ ಸೆರಗು ಬಿಚ್ಚಿ ಮತ್ತೆ ತಲೆಯ ಮೇಲೆ ಹೊದ್ದುಕೊಂಡಳು.

“ಕಡಿಮಿ ಬಿದ್ದಷ್ಟು ನನ್ನದರಾಗಿಂದ ತಗೋರಿ,” ಎಂದಳು.